ಅಳಿಯನ ಕೆಮ್ಮು

ಬುಕೇರಿ, ಮಸಾಕಾ
ಫೆಬ್ರವರಿ 15, 1998

ಮಗಳು ನಕಿತ್ತೊಗೆ,

ನೀನು ಕಾಲೇಜು ಮುಟ್ಟಿದ ಸುದ್ದಿಯನ್ನು ಟ್ಯಾಕ್ಸಿ ಓಡಿಸುವ ಸೆಂಪಾ ಹೇಳಿದ. ಪೆಟ್ಟಿಗೆ ಇಳಿಸಿಕೊಂಡವಳು ತಿರುಗಿಯೂ ನೋಡದೆ ಗೇಟಿನೊಳಗೆ ಹೋದಳಂತೆ ನನ್ನ ಮಗಳು. ಹೋಗಲಿ, ತಿರುಗಿ ನೋಡಿದ್ದರೆ ವಾಪಸು ಅದೇ ಟ್ಯಾಕ್ಸಿ ಹತ್ತುತ್ತಿದ್ದೆ. ನೀನು ಮೇಷ್ಟ್ರಮ್ಮ ಆಗಬೇಕೆಂದು ಹಟ ಹಿಡಿದವರೇ ನಿನ್ನ ಅಜ್ಜಿ. ಈಗ ಅವರಿಗೆ ಆ ಹಟವೂ ನೆನಪಿಲ್ಲ, ಅದು ಬೇರೆ ಮಾತು.

ಇಲ್ಲಿ ಯೋಚನೆ ಮಾಡುವಂಥದ್ದೇನಿಲ್ಲ. ಪಕ್ಕದ ಮನೆಯ ಪೆರುಸಿ ಬೆಳಿಗ್ಗೆ ಸಂಜೆ ಬಂದು ಅಜ್ಜಿಗೆ ಮೈ ತೊಳೆಸಿ, ಬಟ್ಟೆ ಬದಲಿಸಿ ಹೋಗುತ್ತಾಳೆ. ಗಂಜಿ ಕಾಯಿಸುವುದು ನಾನು. ಬಾಗಿಲ ಬಳಿ ಇಟ್ಟು, ಕೆಮ್ಮಿ, ದೂರ ಹೋಗುತ್ತೇನೆ.

ಆ ಕೆಮ್ಮಿನದೇ ಈಗ ಫಜೀತಿ. ನಿನ್ನ ಅಮ್ಮ ಹಾಸಿಗೆ ಹಿಡಿದಾಗ ಅಜ್ಜಿ ಈ ಮನೆಗೆ ಬಂದರಲ್ಲ, ಅಳಿಯನ ಮನೆಯಲ್ಲಿ ಅತ್ತೆ ಕಾಲಿಡಬಾರದೆಂದು ಗೊತ್ತಿದ್ದೂ ಬಂದರು. ಅವಳು ಹೋದ ಮೇಲೆ ನಿನಗಾಗಿ ಉಳಿದರು. ಇಷ್ಟು ವರ್ಷ ನಾನು ಅವರ ಮುಖವನ್ನು ನೆಟ್ಟಗೆ ನೋಡಿದವನಲ್ಲ. ಅಂಗಳಕ್ಕೆ ಬರುವ ಮುನ್ನ ಕೆಮ್ಮುತ್ತಿದ್ದೆ, ಅವರು ಒಳಕ್ಕೆ ಸರಿಯುತ್ತಿದ್ದರು. ಆಮೇಲೆ ಗೋಡೆಯಾಚೆಯಿಂದ "ಅಳಿಯಂದಿರೇ, ಊಟ ಆರ್ತಾ ಇದೆ" ಎನ್ನುತ್ತಿದ್ದರು. ಗೋಡೆಯ ಮೂಲಕವೇ ನಾವು ನಿನ್ನನ್ನು ಬೆಳೆಸಿದ್ದು.

ಈಗ ನಾನು ಕೆಮ್ಮಿದರೆ ಅವರು ಹೊರಗೆ ಬರುತ್ತಾರೆ. ನನ್ನನ್ನು ತೀರಿಹೋದ ತಮ್ಮ ಅಣ್ಣ ಯೊಕಾನಾ ಅಂದುಕೊಂಡಿದ್ದಾರೆ. ಮೊನ್ನೆ ನಾನು ಮರದ ತೊಗಟೆಯನ್ನು ಬಟ್ಟೆಯಾಗಿಸಲು ಬಡಿಯುತ್ತ ಕೂತಿದ್ದೆ. "ಯೊಕಾನಾ, ನಿಲ್ಲೋ, ನನ್ನೂ ಕರ್ಕೊಂಡ್ ಹೋಗೋ" ಎಂದು ಕೈ ಚಾಚಿಕೊಂಡು ಬಂದೇಬಿಟ್ಟರು. ನಾನು ಕೊಡತಿ ಸಮೇತ ಬಾಳೆತೋಟಕ್ಕೆ ಓಡಿದೆ. ಆ ಹೊತ್ತಿಗೆ ಸರಿಯಾಗಿ ಯೊಕಾನಾ ಅವರ ಮಗಳು, ನಿನ್ನ ಲೋಯಿ ಚಿಕ್ಕಮ್ಮ, ಸಂತೆಯಿಂದ ಬರುತ್ತಿದ್ದಳು. "ಓಡಿ ಭಾವ, ಓಡಿ, ಇನ್ನೊಂದ್ ಸ್ವಲ್ಪಕ್ಕೆ ಸಿಕ್ಬಿಡ್ತಿದ್ರಿ" ಎಂದು ರಸ್ತೆಯಲ್ಲೇ ನಿಂತು ನಕ್ಕಳು. ಊರೆಲ್ಲ ನಗುತ್ತಿದೆ. ನಾನೂ ನಕ್ಕೆ, ಆದರೆ ಕಿವಿ ಕೆಂಪಾಗಿತ್ತು.

ಚೆನ್ನಾಗಿ ಓದು.

ನಿನ್ನ ಅಪ್ಪ,
ಎರಿಯಾ ಕಯೀಜಿ


ಮುಕೊನೊ
ಮಾರ್ಚ್ 1, 1998

ಪ್ರೀತಿಯ ಅಪ್ಪನಿಗೆ,

ಮೊಣಕಾಲೂರಿ ನಮಸ್ಕಾರಗಳು. ನೀವು ಕೊಡತಿ ಹಿಡಿದು ಓಡಿದ್ದನ್ನು ಓದಿ ಹಾಸ್ಟೆಲಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಅಳು ಬಂತು. ಅಜ್ಜಿ ನನ್ನ ಹೆಸರು ಕೇಳುತ್ತಾರಾ ಎಂದು ನೀವು ಬರೆಯಲಿಲ್ಲ. ಕೇಳುವುದಿಲ್ಲ ಎಂದೇ ಅರ್ಥ ಮಾಡಿಕೊಂಡಿದ್ದೇನೆ.

ನಾನು ಬರಬಾರದಿತ್ತೇನೋ. ಮೊದಲ ದಿನ ಇಲ್ಲಿನ ಹಾಸಿಗೆಯಲ್ಲಿ ಮಲಗಿದಾಗ ಎಷ್ಟು ಹಗುರ ಅನ್ನಿಸಿತು ಎಂದರೆ, ನಿಮಗೆ ಬರೆಯಲು ನಾಚಿಕೆಯಾಗುತ್ತದೆ. ಮೂತ್ರದ ವಾಸನೆ ಇರಲಿಲ್ಲ, ಯಾರೂ ಕರೆಯಲಿಲ್ಲ, ಬೆಳಗಿನವರೆಗೆ ನಿದ್ದೆ ಮಾಡಿದೆ.

ಸೆಂಪಾನ ಕೈಯಲ್ಲಿ ಸಾಬೂನು, ವ್ಯಾಸಲೀನು ಕಳಿಸಿದ್ದೇನೆ. ಅಜ್ಜಿಯ ಹಿಮ್ಮಡಿ ಒಡೆಯುತ್ತದೆ, ಪೆರುಸಿ ಅತ್ತಿಗೆಗೆ ಹೇಳಿ. ತಲೆಗೆ ನೀರು ಹಾಕುವಾಗ ಕಣ್ಣಿನ ಮೇಲೆ ಕೈ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ಹೆದರಿ ಹೊಡೆಯುತ್ತಾರೆ. ಲೋಯಿ ಚಿಕ್ಕಮ್ಮನಿಗೂ ಹೇಳಿ ಕಳಿಸಿ. ನಗುವುದಕ್ಕೆ ಬಂದವರು ಒಂದು ಬಕೆಟ್ ನೀರನ್ನೂ ಹೊತ್ತು ಕೊಡಲಿ.

ನಿಮ್ಮ ಮಗಳು,
ನಕಿತ್ತೊ


ಬುಕೇರಿ
ಮಾರ್ಚ್ 22, 1998

ಮಗಳೇ,

ಸಾಬೂನು ಬಂತು. ಪೆರುಸಿ ಎಂದಿನಂತೆ ಬರುತ್ತಿದ್ದಾಳೆ. ಕಣ್ಣಿಗೆ ಕೈ ಅಡ್ಡ ಹಿಡಿಯುವ ವಿಚಾರ ಒಳ್ಳೆಯದಾಯಿತು.

ಕೊನೆಗಾಲದ ರೋಗಿಗಳನ್ನು ನೋಡುವ ಹಾಸ್ಪೈಸಿನಿಂದ ಆಮುಗೆ ಎಂಬ ಸಿಸ್ಟರ್ ತಮ್ಮ ಜೀಪಿನಲ್ಲಿ ಬಂದಿದ್ದರು. ಕ್ಯಾನ್ಸರಿನವರನ್ನು ಮಾತ್ರ ನೋಡುತ್ತಾರೆ ಎಂದುಕೊಂಡಿದ್ದೆ. ಮರೆವಿನವರನ್ನೂ ನೋಡುತ್ತಾರಂತೆ, ಮರೆವೂ ಜೀವ ತೆಗೆಯುವ ರೋಗವೇ ಅಂತೆ. ಇನ್ನು ಹೆಚ್ಚು ಕಾಲ ಇಲ್ಲ ಎಂದರು. ನುಂಗುವುದು ಕಷ್ಟವಾಗುತ್ತಿದೆ. ಬಲವಂತದಿಂದ ತುರುಕಬೇಡಿ, ಬೇಡ ಎಂದರೆ ಬಿಡಿ, ತುಟಿ ಒಣಗದ ಹಾಗೆ ನೋಡಿಕೊಳ್ಳಿ, ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋಗಿ ಸೂಜಿ ಚುಚ್ಚಿಸಬೇಡಿ ಎಂದರು. ನಾನು ಅಂಗಳದಲ್ಲಿ ನಿಂತು ಕೇಳಿಸಿಕೊಂಡೆ. ಕೊನೆಗೆ ಒಂದು ಮಾತು ಹೇಳಿದರು: "ಹೆಸರು ಮರ್ತೋಗುತ್ತೆ, ಮುಖ ಮರ್ತೋಗುತ್ತೆ. ಕೈ ಮಾತ್ರ ಕೊನೇವರೆಗೂ ಗುರುತಿರುತ್ತೆ. ಅವ್ರಿಗೆ ಗುರುತಿರೋ ಕೈ ಹತ್ರ ಇರ್ಲಿ." ಅದು ನನ್ನ ಮಗಳ ಕೈ, ಅವಳು ಓದಲು ಹೋಗಿದ್ದಾಳೆ ಎಂದೆ.

ಅಜ್ಜಿಯ ಕೈ ನಡುಗಲು ಶುರುವಾಗಿದೆ. ಬಲಗೈ ಹೆಚ್ಚು. ಅದೂ ಈ ರೋಗದ್ದೇ ಒಂದು ಚಾಳಿಯಂತೆ. ನಮ್ಮ ಕಡೆ ಜನ ಅದಕ್ಕೆ ಏನು ಹೆಸರು ಇಡುತ್ತಾರೆಂದು ನಿನಗೆ ಗೊತ್ತು. ಅಲ್ಲಿ ಯಾರ ಹತ್ತಿರವೂ ನಡುಕದ ಸುದ್ದಿ ಎತ್ತಬೇಡ.

ಲೋಯಿ ಬಂದು ಒಂದು ಗೊನೆ ಮಟೋಕೆ ಬಾಳೆ ಇಟ್ಟು ಹೋದಳು. ಒಳಗೆ ಹೋಗಿ ಬಂದವಳ ಮುಖ ಸಪ್ಪೆಯಾಗಿತ್ತು. ಈ ಸಲ ತಮಾಷೆ ಮಾಡಲಿಲ್ಲ. ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೂ ಅನ್ನಲಿಲ್ಲ.

ನಿನ್ನ ಅಪ್ಪ


ಮುಕೊನೊ
ಏಪ್ರಿಲ್ 5, 1998

ಅಪ್ಪ,

ಪೆರುಸಿ ಅತ್ತಿಗೆಯ ತಂಗಿ ಕಂಪಾಲದ ಟ್ಯಾಕ್ಸಿ ನಿಲ್ದಾಣದಲ್ಲಿ ಸಿಕ್ಕಿದ್ದಳು. ಅಜ್ಜಿ ಕೈ ಕಚ್ಚಿದ ದಿನದಿಂದ ಅವಳಕ್ಕ ನಮ್ಮ ಮನೆಗೆ ಹೋಗುತ್ತಿಲ್ಲವಂತೆ. ಗಂಡ ಬೇಡ ಎಂದನಂತೆ. ಅದಾಗಿ ತಿಂಗಳಾಯಿತಂತೆ. ಲೋಯಿ ಚಿಕ್ಕಮ್ಮ ಸಂತೆ ಬಿಟ್ಟು ಬಂದು ನಿಂತಿಲ್ಲ. ಹಾಗಾದರೆ ಅಜ್ಜಿಯ ಮೈ ತೊಳೆಸುತ್ತಿರುವವರು ಯಾರು?

"ನಿಮ್ಮಜ್ಜಿಗೆ ಒಬುಕೊ ಹಿಡ್ದಿದ್ಯಂತೆ, ಕೈ ಕಾಲು ಥರಗುಟ್ಟುತ್ತಂತೆ" ಎಂದು ಅವಳು ಎಲ್ಲರೆದುರಿಗೇ ಹೇಳಿದಳು. ಜೊತೆಯಲ್ಲಿದ್ದ ನನ್ನ ಹಾಸ್ಟೆಲಿನ ಹುಡುಗಿಯರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಅತ್ತೆ ಅಳಿಯ ಒಬ್ಬರನ್ನೊಬ್ಬರು ಮುಟ್ಟಿದರೆ ಬರುವ ನಡುಕ ಅದು ಎಂದು ಯಾವ ಮಗುವಿಗೆ ಗೊತ್ತಿಲ್ಲ? ಒಬ್ಬಳು "ಯಾರೇ ಅದು, ನಿಮ್ಮಪ್ಪಾನಾ?" ಎಂದಳು. ನಾನು ನಕ್ಕೆ. ನಕ್ಕು, ಅವಳು ಹೇಳುತ್ತಿರುವುದು ಬೇರೆ ಯಾರದೋ ಮನೆಯ ವಿಷಯ ಎಂದೆ.

ನಾನು ಕೇಳಬೇಕಾದ ಪ್ರಶ್ನೆಯನ್ನು ಮಗಳಾದವಳು ತಂದೆಗೆ ಬರೆಯುವಂತಿಲ್ಲ. ಇಲ್ಲ ಎಂದು ಒಂದೇ ಸಾಲು ಬರೆಯಿರಿ. ನಂಬುತ್ತೇನೆ.

ನಕಿತ್ತೊ


ಬುಕೇರಿ
ಏಪ್ರಿಲ್ 19, 1998

ಮಗಳೇ,

ಆ ಒಂದು ಸಾಲು ಬರೆಯಲು ಎರಡು ವಾರ ಪ್ರಯತ್ನಪಟ್ಟೆ. ಆಗಲಿಲ್ಲ.

ಪೆರುಸಿ ಬರುವುದನ್ನು ನಿಲ್ಲಿಸಿದ್ದು ನಿಜ. ನಾನು ನಿನಗೆ ಸುಳ್ಳು ಬರೆದೆ. ಅವಳು ಬಾರದ ದಿನ ನಾನು ಗೋಡೆಯಾಚೆ ನಿಂತು "ಅತ್ತೆಯವರೇ, ಏಳಿ, ಗಂಜಿ ಇದೆ" ಎಂದೆ. ಮಾರನೆಯ ದಿನವೂ ಅಲ್ಲೇ ನಿಂತು ಅದನ್ನೇ ಹೇಳಿದೆ. ಅವರು ತಮ್ಮ ಹೊಲಸಿನಲ್ಲೇ ಮಲಗಿದ್ದರು. ವಾಸನೆ ನಾನು ತೊಗಟೆ ಬಡಿಯುವ ಕೊಟ್ಟಿಗೆಯವರೆಗೂ ಬರುತ್ತಿತ್ತು. ಲೋಯಿಗೆ ಹೇಳಿ ಕಳಿಸಿದರೆ ಈಸ್ಟರ್ ಸಂತೆ ಮುಗಿಯಲಿ ಎಂಬ ಉತ್ತರ ಬಂತು. ಊರಿನ ಇನ್ನೊಬ್ಬ ಹೆಂಗಸನ್ನು ಕರೆಯಲು ಹೊರಟೆ, ಅರ್ಧ ದಾರಿಯಲ್ಲಿ ತಿರುಗಿ ಬಂದೆ. ಆ ಸ್ಥಿತಿಯಲ್ಲಿ ಅವರನ್ನು ಬಿಟ್ಟಿದ್ದೇನೆ ಎಂದು ಹೇಗೆ ಬಾಯಿಬಿಟ್ಟು ಹೇಳಲಿ?

ಕೊನೆಗೆ ನಾನು ಬಡಿದಿಟ್ಟ ತೊಗಟೆಬಟ್ಟೆಯಲ್ಲಿ ಮೆತ್ತನೆಯದನ್ನು ಆರಿಸಿ, ಸೀಳಿ, ಎರಡೂ ಕೈಗೆ ಮೊಣಕೈವರೆಗೆ ಸುತ್ತಿಕೊಂಡೆ. ನಡುವೆ ಬಟ್ಟೆ ಇದ್ದರೆ ಮುಟ್ಟಿದ ಹಾಗಾಗುವುದಿಲ್ಲ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಹಾಗೆಯೇ ಎತ್ತಿದೆ. ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು, ಅಂದಾಜಿನ ಮೇಲೆ ಮೈ ಉಜ್ಜಿದೆ. ದಿನವೂ ಹಾಗೆಯೇ ಮಾಡಿದೆ. ಅವರು ಕೂಗುತ್ತಿದ್ದರು. ನೀರಿಗೆ ಹೆದರಿ ಕೂಗುತ್ತಾರೆ ಎಂದುಕೊಂಡೆ. ನಾನು ನೋಡುತ್ತಿರಲಿಲ್ಲವಲ್ಲ.

ಸಿಸ್ಟರ್ ಎರಡನೇ ಸಲ ಬಂದಾಗ ಅಜ್ಜಿಯನ್ನು ಮಗ್ಗುಲಾಗಿಸಿದರು. ಬೆನ್ನಿನ ಚರ್ಮ ಕಿತ್ತು ಬಂದಿತ್ತು. "ಇದು ಮಲಗಿ ಆದ ಹುಣ್ಣಲ್ಲ, ಯಾರೋ ಉಜ್ಜಿದ್ದಾರೆ" ಎಂದರು. ಹೊರಗೆ ಬಂದು, ಹಗ್ಗದ ಮೇಲೆ ಒಣಗುತ್ತಿದ್ದ ತೊಗಟೆಬಟ್ಟೆಯ ಪಟ್ಟಿಗಳನ್ನು ನೋಡಿದರು. ನನ್ನ ಕೈ ನೋಡಿದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಕಯೀಜಿಯವ್ರೆ, ನಮ್ಮ ತೆಸೊ ಕಡೆಯೂ ಅತ್ತೆ ಕಂಡ್ರೆ ಗಂಡಸರು ಪೊದೆ ಸೇರ್ಕೋತಾರೆ. ಮುಟ್ಟಿ ಅಂತ ನಾನ್ ಹೇಳಲ್ಲ, ಅದು ನಿಮಗೆ ಬಿಟ್ಟಿದ್ದು" ಎಂದರು. "ಆದ್ರೆ ಅದನ್ನ ಸುತ್ಕೊಂಡು ಮಾತ್ರ ಇನ್ನೊಂದ್ಸಲ ಮುಟ್ಬೇಡಿ."

ಮಗಳೇ, ಆ ಸಂಜೆ ಕೈಗೆ ಸುತ್ತುತ್ತಿದ್ದ ಪಟ್ಟಿಗಳನ್ನು ಬದಿಗಿಟ್ಟೆ. ಅವರ ಬೆನ್ನು ನನ್ನ ತಾಯಿಯ ಬೆನ್ನಿನ ಹಾಗೆ ಕಂಡಿತು ಎಂದು ಬರೆದರೆ ನಿನಗೂ ಸಮಾಧಾನ, ನನಗೂ ಸಮಾಧಾನ. ಹಾಗೆ ಕಾಣಲಿಲ್ಲ. ಅದು ನನ್ನ ಅತ್ತೆಯ ಬೆನ್ನಾಗಿಯೇ ಕಂಡಿತು. ನಾನು ಅಳುತ್ತಲೇ ತೊಳೆದೆ. ಅವರು ನನ್ನ ಹೆಬ್ಬೆರಳು ಹಿಡಿದುಕೊಂಡು "ಯೊಕಾನಾ, ಈಗ್ ಬಂದ್ಯಾ" ಎಂದರು. ಅವತ್ತಿನಿಂದ ಕೂಗಿಲ್ಲ. ಬೇರೆ ಯಾರು ತಿನ್ನಿಸಿದರೂ ಬಾಯಿ ಬಿಡುವುದಿಲ್ಲ, ನನ್ನ ಕೈ ಬಂದರೆ ಬಿಡುತ್ತಾರೆ.

ನಡುಕ ಮೊದಲು ಬಂತೋ, ನಾನು ಮುಟ್ಟಿದ್ದು ಮೊದಲೋ, ನನಗೇ ಗೊತ್ತಿಲ್ಲ. ರೋಗದ್ದೇ ಎನ್ನುತ್ತಾರೆ ಸಿಸ್ಟರ್. ಅವರು ಇರುವಾಗ ನಂಬುತ್ತೇನೆ, ಜೀಪು ಹೋದ ಮೇಲೆ ನಂಬಿಕೆ ಹೋಗುತ್ತದೆ. ಅಜ್ಜಿ ನನ್ನನ್ನು ಯೊಕಾನಾ ಎಂದುಕೊಂಡಿದ್ದಾರೆ, ಅವರಿಗೆ ಯಾವ ನಾಚಿಕೆಯೂ ಇಲ್ಲ. ನಾನು ಯಾರು ಎಂದು ನನಗೆ ಗೊತ್ತಿದೆ.

ಯಾರಿಗೂ ಹೇಳಬೇಡ. ಮೇ ರಜೆಗೆ ಬಾ.

ನಿನ್ನ ಅಪ್ಪ


ಮುಕೊನೊ
ಜೂನ್ 14, 1998

ಅಪ್ಪ,

ಅಜ್ಜಿಯನ್ನು ಮಣ್ಣು ಮಾಡಿ ಬಂದ ಮೇಲೆ ನಾನೇ ಮೊದಲು ಬರೆಯಬೇಕು. ನೀವು ಬರೆಯುವುದಿಲ್ಲ.

ರಜೆಗೆ ನಾನು ಬಂದ ದಿನದಿಂದ ನೀವು ಅಜ್ಜಿಯ ಕೋಣೆಯ ಕಡೆ ಸುಳಿಯಲಿಲ್ಲ. ಮತ್ತೆ ಗಂಜಿ ಇಟ್ಟು ಕೆಮ್ಮಿ ಹೋಗಲು ಶುರು ಮಾಡಿದಿರಿ. ನನ್ನ ಕಣ್ಣೆದುರಿಗೆ ನಿಮಗೆ ಆಗುತ್ತಿರಲಿಲ್ಲ. ನಾನಾದರೂ "ಬನ್ನಿ ಅಪ್ಪ, ನಾನು ತೋಟಕ್ಕೆ ಹೋಗಿರುತ್ತೇನೆ" ಎನ್ನಬಹುದಿತ್ತು. ಅನ್ನಲಿಲ್ಲ. ನಿಮ್ಮ ಪತ್ರ ಓದಿದ್ದೇನೆ ಎಂಬುದನ್ನೂ ತೋರಿಸಿಕೊಳ್ಳಲಿಲ್ಲ. ಅಜ್ಜಿ ನನ್ನ ಕೈಯನ್ನು ತಳ್ಳಿ "ಇದಲ್ಲ" ಎನ್ನುತ್ತಿದ್ದರು. ಕೊನೆಯ ವಾರ ಬಾಯಿ ಬಿಡಿಸಿ ಎರಡು ಚಮಚ ನೀರು ಹಾಕುವುದೇ ದೊಡ್ಡ ಕೆಲಸವಾಯಿತು.

ಕೊನೆಯ ಮಧ್ಯಾಹ್ನ ಲೋಯಿ ಚಿಕ್ಕಮ್ಮ, ಪೆರುಸಿ ಅತ್ತಿಗೆ, ಚರ್ಚಿನ ಹೆಂಗಸರು ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಅಜ್ಜಿ "ಯೊಕಾನಾನ ಕರೀರಿ" ಎಂದರು. "ನಮ್ಮಪ್ಪ ಹೋಗಿ ಯಾವ ಕಾಲ ಆಯ್ತು ಅತ್ತೆ, ನೀವೇ ಹೋಗ್ತಾ ಇದ್ದೀರಲ್ಲ ಅವ್ರ ಹತ್ರ" ಎಂದರು ಲೋಯಿ ಚಿಕ್ಕಮ್ಮ. ಆಗ ಗೋಡೆಯಾಚೆ ನೀವು ಕೆಮ್ಮಿದಿರಿ. ಅಜ್ಜಿ ಆ ಕಡೆ ಕತ್ತು ತಿರುಗಿಸಿದರು. ಅಂಗೈ ಮೇಲೆ ಮಾಡಿ ಕೈಯನ್ನು ಚಾಪೆಯ ಮೇಲೆ ಚಾಚಿದರು.

ಬಾಗಿಲ ಹತ್ತಿರ ಕೂತಿದ್ದವಳು ನಾನು. ಅವರಿಗೆ ಯಾರು ಬೇಕಿತ್ತು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳೂ ನಾನೊಬ್ಬಳೇ. ಕೈ ಚಾಚಿದ್ದರೆ ಅಗುಳಿ ಸಿಗುತ್ತಿತ್ತು. ಇಷ್ಟು ಜನರೆದುರು ಹೇಗೆ ಕರೆಯುವುದು ಎಂದು ಹತ್ತಿಯಲ್ಲಿ ಅವರ ತುಟಿ ಒರೆಸುತ್ತ ಕೂತೆ. ಅವರು ಇನ್ನೂ ಒಂದೆರಡು ಸಲ ಕರೆದರು. ಆಮೇಲೆ ಕರೆಯಲಿಲ್ಲ.

ಮೈ ತೊಳೆಯುವಾಗ ಹೆಂಗಸರು ಬೆರಗಾದರು. ಬೆನ್ನಿನಲ್ಲಿ ಒಂದು ಹಳೆಯ ಗಾಯದ ಕಲೆ ಬಿಟ್ಟರೆ ಎಲ್ಲೂ ಹುಣ್ಣಿಲ್ಲ, ಹಿಮ್ಮಡಿ ಮಗುವಿನದರ ಹಾಗಿದೆ. "ಯಾರು ನೋಡ್ಕೊಂಡಿದ್ದು?" ಎಂದು ಲೋಯಿ ಚಿಕ್ಕಮ್ಮ ಕೇಳಿದರು. ನೀವು ಹೊರಗಿನಿಂದಲೇ "ನಕಿತ್ತೊ, ಎಲ್ಲಾ ನಕಿತ್ತೊನೇ" ಎಂದಿರಿ. ನಾನು ಬಾಯಿ ಬಿಡಲಿಲ್ಲ. "ಹೆಣ್ಮಗಳು ಅಂದ್ರೆ ಹೀಗಿರ್ಬೇಕು" ಎಂದು ಅವರೆಲ್ಲ ನನ್ನ ತಲೆ ಸವರಿದರು. ತಲೆ ಕೊಟ್ಟುಕೊಂಡು ಕೂತಿದ್ದೆ.

ಅಪ್ಪ, ನನಗೆ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಲು ಆಗುತ್ತಿಲ್ಲ.

ನಕಿತ್ತೊ


ಮುಕೊನೊ
ಜುಲೈ 19, 1998

ಅಪ್ಪ,

ನೀವು ಉತ್ತರ ಬರೆದಿಲ್ಲ. ನೀವು ಕಳಿಸಿದ ಹುರಿದ ಕಡಲೆಕಾಯಿಯನ್ನು ಸೆಂಪಾ ತಂದುಕೊಟ್ಟ. ಅದನ್ನೇ ಉತ್ತರ ಎಂದುಕೊಳ್ಳಲೇ?

ಮಣ್ಣಾದ ಮೇಲೆ ಮಾಡುವ ಕೊನೆಯ ಸಂಸ್ಕಾರ ಸೆಪ್ಟೆಂಬರ್ ರಜೆಯಲ್ಲಿ, ಯೊಕಾನಾ ಅಜ್ಜನ ಮನೆಯ ಅಂಗಳದಲ್ಲಿ ಎಂದು ತಿಳಿಯಿತು. ಅಜ್ಜಿಯ ತವರಿನ ಹೆಣ್ಣಾಗಿ ಲೋಯಿ ಚಿಕ್ಕಮ್ಮನನ್ನೇ ಅವರ ಜಾಗದಲ್ಲಿ ಕೂರಿಸುತ್ತಾರಂತೆ. ಅಂದಿನಿಂದ ಅವರೇ ನನಗೆ ಅಜ್ಜಿ, ನಿಮಗೆ ಅತ್ತೆ. ನಿಮ್ಮನ್ನು ಭಾವ ಭಾವ ಎಂದು ರೇಗಿಸಿದವರನ್ನು ಇನ್ನು ಮೇಲೆ ಸಂತೆಯಲ್ಲಿ ಕಂಡರೂ ನೀವು ಓಡಬೇಕು. ನಗು ಬರಬೇಕಿತ್ತು, ಬರಲಿಲ್ಲ.

ಅಜ್ಜಿಯ ಮೈ ತೊಳೆದವರು ಯಾರು ಎಂದು ಅವರಿಗೆ ಹೇಳಿಬಿಡಲೇ?

ನಕಿತ್ತೊ


ಬುಕೇರಿ
ಜುಲೈ 26, 1998

ಮಗಳೇ,

ಬೇಡ. ನಾನು ಈ ಊರಿನಲ್ಲೇ ಬದುಕಬೇಕು.

ಅಪ್ಪ


ಬುಕೇರಿ
ಸೆಪ್ಟೆಂಬರ್ 16, 1998

ಮಗಳು ನಕಿತ್ತೊಗೆ,

ಶನಿವಾರ ಮಧ್ಯಾಹ್ನ ನನಗೆ ಹೇಳದೆ ಟ್ಯಾಕ್ಸಿ ಹತ್ತಿದೆ. ಕಾಲೇಜು ಸೋಮವಾರ ತೆರೆಯುತ್ತದೆ ಎಂದು ಬೇರೆಯವರ ಕೈಯಲ್ಲಿ ಹೇಳಿಸಿದೆ. ರಜೆಯಿಡೀ ಒಂದೇ ಮನೆಯಲ್ಲಿದ್ದೆವು, ಆ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವತ್ತು ಬೆಳಿಗ್ಗೆ ಸಂಸ್ಕಾರಕ್ಕೆಂದು ಲೋಯಿಗೆ ಗೊಮೇಸಿ ಉಡಿಸಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ನಿನ್ನ ಕಣ್ಣು ಊದಿತ್ತು. ಆಗಲೇ ನನಗೆ ತಿಳಿಯಬೇಕಿತ್ತು. ನೀನು ಹೋದ ಮೇಲೆ ಏನಾಯಿತು ಎಂದು ಬರೆಯುತ್ತೇನೆ.

ಲೋಯಿಯ ಹೆಗಲಿಗೆ ತೊಗಟೆಬಟ್ಟೆ ಹೊದಿಸಿದರು. ನಾನು ಬಡಿದದ್ದೇ ಅದು. ಅವಳನ್ನು ಬಾಗಿಲೊಳಗೆ ಚಾಪೆಯ ಮೇಲೆ ಕೂರಿಸಿದರು, ಎಲ್ಲರೂ ಹೋಗಿ ಅಜ್ಜಿ ಎಂದು ಮಾತಾಡಿಸಿ ಬಂದರು. ನಾನು ಅಳಿಯನಲ್ಲವೇ, ದೂರದಲ್ಲಿ ಹಲಸಿನ ಮರದ ಕೆಳಗೆ ಗಂಡಸರ ಜೊತೆ ನಿಂತಿದ್ದೆ. ಇದ್ದಕ್ಕಿದ್ದಂತೆ ಒಳಗಿನಿಂದ "ಅಳಿಯಂದಿರು ಎಲ್ಲಿ?" ಎಂಬ ದನಿ ಬಂತು. ಸಂತೆಯಲ್ಲಿ ಆ ತುದಿಯಿಂದ ಈ ತುದಿಗೆ ಕೇಳಿಸುವ ದನಿ ಅವಳದು. ಜನ ನನ್ನನ್ನು ಮುಂದೆ ತಳ್ಳಿದರು. ನಾನು ಬಾಗಿಲಿಗೆ ಕಾಣದ ಹಾಗೆ ಗೋಡೆಯ ಪಕ್ಕ ಹೋಗಿ ನಿಂತೆ. ಭಾವ ಎಂದು ಏನಾದರೂ ಕೀಟಲೆ ಮಾಡುತ್ತಾಳೆ ಎಂದುಕೊಂಡೆ.

"ಅಳಿಯಂದಿರೇ," ಎಂದಳು ಗೋಡೆಯಾಚೆಯಿಂದ, ನಿನ್ನ ಅಜ್ಜಿಯೇ ಆಗಿ, "ನನ್ನ ಮೈ ತೊಳ್ದೋರು ನೀವು. ನಕಿತ್ತೊ ಅಲ್ಲ, ನೀವು. ನೀವು ಯಾರು ಅನ್ನೋದು ನಂಗೆ ಮರ್ತೋಗಿತ್ತು. ನಿಮಗೆ ಮರ್ತಿರ್ಲಿಲ್ಲ, ಆದ್ರೂ ತೊಳ್ದ್ರಿ. ಕೊನೇಲಿ ನಾನ್ ಕರ್ದಾಗ ನೀವು ಗೋಡೆ ಆಚೇನೇ ಇದ್ರಿ. ಬಾಗಿಲು ತೆಗೀದೆ ಕೂತಿದ್ದೋರು ಒಳಗಿದ್ರು. ಅವ್ರಲ್ಲಿ ಆ ಲೋಯಿನೂ ಒಬ್ಳು. ನನ್ನನ್ನ ಮನೆಗೆ ಕರ್ಕೊಂಡ್ ಹೋಗೋಕೆ ಅವಳಿಗೆ ಸಂತೆ ಅಡ್ಡ ಬಂತು."

ಮರದ ಕೆಳಗಿದ್ದ ಒಬ್ಬ ಮುದುಕರು ಉಗುಳಿ ಎದ್ದು ಹೋದರು. ಇಬ್ಬರು ಹೆಂಗಸರು ತಮ್ಮ ಬುಟ್ಟಿ ತೆಗೆದುಕೊಂಡು ಅವರ ಹಿಂದೆ ಹೊರಟರು. ಪೆರುಸಿ ತಲೆ ತಗ್ಗಿಸಿ ನೆಲ ಗೀಚುತ್ತಿದ್ದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಿದರೆ ಸಾಕು ಅನ್ನಿಸಿತು. ನಿನ್ನ ಮೇಲೆ ಸಿಟ್ಟು ಬಂತು. ಈಗಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ. ಭಾನುವಾರ ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ನನಗೆ ಅಂಟಿದ ನಾಚಿಕೆ ಹೋಯಿತು ಎಂದು ನೀನು ತಿಳಿದುಕೊಳ್ಳಬೇಡ. ಅದು ನನ್ನ ಜೊತೆಯಲ್ಲೇ ಬರುತ್ತದೆ. ನಿನ್ನದೂ ನಿನ್ನ ಜೊತೆ ಬರುತ್ತದೆ, ಅದನ್ನು ನಾನು ತೆಗೆಯಲಾರೆ. ಆದರೆ ನೀನು ತಲೆ ಸವರಿಸಿಕೊಂಡದ್ದನ್ನು ಹಿಂದಕ್ಕೆ ಕೊಟ್ಟು ಹೋದೆ. ಅದು ನನಗೆ ಗೊತ್ತಾಯಿತು.

ಶನಿವಾರದ್ದು ಇನ್ನೂ ಮುಗಿದಿಲ್ಲ. ನಾನು ಓಡಿಹೋಗಲು ತೋಟದ ಕಡೆ ನೋಡುತ್ತಿದ್ದೆ. ಗೋಡೆಯಾಚೆಯಿಂದ ಮತ್ತೆ ಅದೇ ದನಿ ಬಂತು, ಈ ಸಲ ತಗ್ಗಿ, ಮನೆಯೊಳಗಿನ ದನಿಯಾಗಿ: "ಅಳಿಯಂದಿರೇ, ಊಟ ಆರ್ತಾ ಇದೆ."

ಈ ಮಾತನ್ನು ನೀನೇ ಹೇಳಿಕೊಟ್ಟು ಹೋಗಿರಬೇಕು. ಕೆಮ್ಮಿದೆ. ಒಳಗೆ ಬಟ್ಟೆ ಸರಿದ ಸದ್ದಾಯಿತು. ಅವರು ಎದ್ದು ಒಳಕೋಣೆಗೆ ಸರಿದು, ನನಗೆ ದಾರಿ ಬಿಟ್ಟಿದ್ದರು.

ನಿನ್ನ ಅಪ್ಪ,
ಎರಿಯಾ ಕಯೀಜಿ